ರಕ್ತದ ಕಥೆ ಬರೆಯುವ ತಮ್ಮನಿಗೆ

ಪ್ರೀತಿಯ ತಮ್ಮ,

ನಿನ್ನ ಕಥೆ ಎರಡು ಸಲ ಓದಿದೆ. ಮಾರ್ಚುರಿಯಲ್ಲಿ ಕೆಲಸ ಮಾಡುವವನ ಕಥೆ, ಒಟ್ಟು 14 ಪುಟ, ಅದರಲ್ಲಿ 11 ಪುಟ ಬರೀ ರಕ್ತ. ಬರೆಯುವಾಗ ಕಾರ್ಕಸ್ ಅನ್ನುವ ಇಂಗ್ಲೆಂಡಿನ ಅಬ್ಬರದ ಮೆಟಲ್ ರಾಕ್ ಬ್ಯಾಂಡಿನ ಹಾಡು ಕೇಳುತ್ತೇನೆ, ಅವರ ಹಾಗೆ ಓದುವವರನ್ನು ಬೆಚ್ಚಿಬೀಳಿಸಬೇಕು, ಆದರೆ ಓದಿದವರೆಲ್ಲ ಮುಖ ಸಿಂಡರಿಸಿ ಪಕ್ಕಕ್ಕಿಡುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀಯ.

ಆ ಬ್ಯಾಂಡನ್ನು ನಾನೂ ಬಹಳ ಪ್ರೀತಿಸುತ್ತೇನೆ. ಹಾಸ್ಟೆಲಿನಲ್ಲಿ ಯಾರೋ ಕಾಪಿ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ ಮೊದಲ ಸಲ ಕೇಳಿದಾಗ ಟೇಪ್ ಹಾಳಾಗಿದೆ ಅಂದುಕೊಂಡಿದ್ದೆ. ಆಮೇಲೆ ವರ್ಷಗಟ್ಟಲೆ ಕೇಳಿದೆ. ಹಾಗಾಗಿ ಬೇರೆ ಉದಾಹರಣೆ ಬೇಡ, ಅವರದೇ ಕಥೆ ಹೇಳುತ್ತೇನೆ. ನೀನು ಅವರಿಂದ ತಪ್ಪು ಪಾಠ ಕಲಿತಿದ್ದೀಯ ಅಂತ ನನಗೆ ಅನಿಸುತ್ತಿದೆ.

80ರ ದಶಕದ ಲಿವರ್‌ಪೂಲ್. ಗಿಟಾರಿಗೆ ಬಿಲ್ ಸ್ಟೀರ್, ಡ್ರಮ್ಸಿಗೆ ಕೆನ್ ಓವೆನ್, ಬೇಸ್ ಮತ್ತು ಹಾಡಿಗೆ ಜೆಫ್ ವಾಕರ್. ಎಲ್ಲರೂ ಚಿಕ್ಕ ಹುಡುಗರು. ಮೊದಲ ಆಲ್ಬಮ್ 'ರೀಕ್ ಆಫ್ ಪ್ಯೂಟ್ರಿಫ್ಯಾಕ್ಷನ್' 1988ರಲ್ಲಿ ನಾಟಿಂಗ್‌ಹ್ಯಾಮಿನ ಇಯರೇಕ್ ಅನ್ನುವ ರೆಕಾರ್ಡ್ ಕಂಪನಿಯಿಂದ ಬಂತು. ನಾಲ್ಕೇ ದಿನದಲ್ಲಿ ರೆಕಾರ್ಡ್ ಆದದ್ದು. ಸೌಂಡ್ ಎಷ್ಟು ಕಲಸುಮೇಲೋಗರ ಅಂದರೆ ಅವರಿಗೇ ಸಮಾಧಾನ ಇರಲಿಲ್ಲ. ಕವರಿನ ಮೇಲೆ ವೈದ್ಯಕೀಯ ಪುಸ್ತಕಗಳಿಂದ ಕತ್ತರಿಸಿ ಅಂಟಿಸಿದ ಪೋಸ್ಟ್‌ಮಾರ್ಟಂ ಫೋಟೋಗಳು. ನೋಡಿದವರು ಅಸಹ್ಯಪಟ್ಟರು. ಮುಂದೆ ಅದೇ ಆಲ್ಬಮ್ ಬೇರೆ, ಸೌಮ್ಯವಾದ ಕವರಿನಲ್ಲಿ ಬಂತು. ಆದರೆ ಬಿಬಿಸಿಯ ರೇಡಿಯೋ ನಿರೂಪಕ ಜಾನ್ ಪೀಲ್ ಅದನ್ನು ಆ ವರ್ಷದ ತನ್ನ ಅತಿ ಮೆಚ್ಚಿನ ಆಲ್ಬಮ್ ಅಂತ ಆರಿಸಿಕೊಂಡ. ದೇಶದ ತುಂಬ ಕೇಳುಗರಿದ್ದ ಮನುಷ್ಯ ಅವನು.

ಹುಡುಗರೆಲ್ಲ ಇಲ್ಲಿಗೇ ನಿಲ್ಲುತ್ತಾರೆ. ಹೆಣದ ಫೋಟೋ ಹಾಕಿದರು, ಹೆಸರಾಯಿತು, ಅಷ್ಟೇ ಅಂತ. ಅಷ್ಟೇ ಅಲ್ಲ ತಮ್ಮ.

ಆಗ ಅವರು ಮೂವರೂ ಸಸ್ಯಾಹಾರಿಗಳಾಗಿದ್ದರು. ನಮ್ಮಲ್ಲಿ ಈ ಮಾತು ಬಂದ ಕೂಡಲೇ ಜಾತಿಯ ವಾಸನೆ ಬರುತ್ತದೆ, ಅಲ್ವಾ? ಅಲ್ಲಿ ಹಾಗಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಪಂಕ್ ಅನ್ನುವ ಬಂಡಾಯದ ರಾಕ್ ಸಂಗೀತ ಹಚ್ಚಿಕೊಂಡ ಹುಡುಗರಿಗೆ ಅದು ಪ್ರಾಣಿಗಳ ಪರವಾಗಿ, ತಾವು ಬೆಳೆದ ಮನೆಯ ಊಟದ ತಟ್ಟೆಗೇ ಎದುರಾಗಿ ತೆಗೆದುಕೊಂಡ ನಿಲುವು. ಬ್ಯಾಂಡಿನ ಹೆಸರೇ ನೋಡು. ಕಾರ್ಕಸ್ ಅಂದರೆ ಕಳೇಬರ, ಕಸಾಯಿಖಾನೆಯಲ್ಲಿ ಕೊಕ್ಕೆಗೆ ನೇತುಹಾಕುತ್ತಾರಲ್ಲ, ಅದು. ಅದನ್ನು ದಿನಾ ನೋಡಿಯೂ ಏನೂ ಅನಿಸದವನಿಗೆ ಮನುಷ್ಯನ ಮಾಂಸ ತೋರಿಸಿದಾಗ ಹೊಟ್ಟೆ ತೊಳಸುತ್ತದೆ. ಯಾಕೆ ಅಂತ ಅವನೇ ಯೋಚಿಸಲಿ ಅಂತ ಬಿಟ್ಟರು. ಭಾಷಣ ಮಾಡಲಿಲ್ಲ. ಆ ಕೆಟ್ಟ ಸೌಂಡಿನ ಅಡಿಯಲ್ಲಿ ಒಂದು ಯೋಚನೆ ಇತ್ತು. ನಿನ್ನ 11 ಪುಟದ ಅಡಿಯಲ್ಲಿ ಏನಿದೆ? ನನಗೆ ಸಿಗಲಿಲ್ಲ. ನಿನಗೆ ಗೊತ್ತಿರಬಹುದು. ಗೊತ್ತಿದ್ದರೆ ಅದು ಕಥೆಯೊಳಗೆ ಬರಬೇಕು.

ಇನ್ನೊಂದು ವಿಷಯ, ಇದು ನನಗೆ ತುಂಬಾ ಮುಖ್ಯ. ಆ ಹಾಡುಗಳ ಮಾತುಗಳಲ್ಲಿ ಕೋಪ ಕಡಿಮೆ. 'ಕೊಲ್ಲುತ್ತೇನೆ, ಕಡಿಯುತ್ತೇನೆ' ಅಂತ ಕೂಗುವುದಕ್ಕಿಂತ ವೈದ್ಯಕೀಯ ನಿಘಂಟು ಮುಂದಿಟ್ಟುಕೊಂಡು, ಶವಪರೀಕ್ಷೆ ಮಾಡುವ ಡಾಕ್ಟರ್ ವರದಿ ಬರೆಯುವ ಹಾಗೆ, ತಣ್ಣಗೆ, ಉದ್ದುದ್ದ ಲ್ಯಾಟಿನ್ ಗ್ರೀಕ್ ಪದಗಳನ್ನು ಪೋಣಿಸಿದರು. ಇಂಗ್ಲಿಷಿನಲ್ಲಿ ಅದು ಸಾಧ್ಯ. ಆ ಪದಗಳಿಗೆ ಮನೆಯ ನೆನಪು ಅಂಟಿಕೊಂಡಿಲ್ಲ.

ಕನ್ನಡದಲ್ಲಿ ನೀನು 'ಕರುಳು' ಅಂತ ಬರೆದು ನೋಡು. ತಣ್ಣಗಿರುತ್ತದಾ? ಹಿಂದೆಯೇ ತಾಯಿ ಬರುತ್ತಾಳೆ. ಕರುಳಬಳ್ಳಿ ಬರುತ್ತದೆ, ಕರುಳು ಚುರುಕ್ ಅಂದದ್ದು ಬರುತ್ತದೆ. ಹೊಟ್ಟೆ ಅಂದರೆ ಹೊಟ್ಟೆಕಿಚ್ಚು, ಹೊಟ್ಟೆಪಾಡು. ಎದೆ ಅಂದರೆ ಎದೆಗಾರಿಕೆ. ನಮ್ಮ ಭಾಷೆಯಲ್ಲಿ ಮೈಯ ಒಳಗಿನ ಒಂದೊಂದು ಅಂಗಕ್ಕೂ ಒಂದೊಂದು ಸಂಬಂಧ ಇದೆ. ಅವರ ತಂತ್ರವನ್ನು ಹಾಗೇ ಎತ್ತಿ ಇಲ್ಲಿ ಇಟ್ಟರೆ ಕೆಲಸ ಮಾಡಲ್ಲ. ನಿನ್ನ ಕಥೆಯಲ್ಲಿ 'ಕರುಳು ಹೊರಬಂತು' ಅಂತ ಆರು ಸಲ ಇದೆ, ಒಂದು ಸಲವೂ ನನಗೆ ಏನೂ ಆಗಲಿಲ್ಲ. ಯಾಕೆಂದರೆ ನೀನು ಆ ಪದವನ್ನು ಇಂಗ್ಲಿಷಿನ ಕಿವಿಯಿಂದ ಕೇಳಿ ಬರೆದಿದ್ದೀಯ. ಇದೊಂದೇ ಪದಕ್ಕೆ ಎಷ್ಟು ಶಕ್ತಿ ಇದೆ ಅಂತ ಗೊತ್ತಿದ್ದರೆ ನೀನು ಇಡೀ ಕಥೆಯಲ್ಲಿ ಒಂದೇ ಸಲ ಬಳಸುತ್ತಿದ್ದೆ.

ನಾನೂ ನಿನ್ನ ವಯಸ್ಸಿನಲ್ಲಿ ಇಂಥದ್ದೊಂದು ಕಥೆ ಬರೆದು ಒಂದು ಪತ್ರಿಕೆಗೆ ಕಳಿಸಿದ್ದೆ. ವಾಪಸ್ ಬಂತು, ಒಂದು ಸಾಲಿನ ಕಾರಣವೂ ಇರಲಿಲ್ಲ. ತುಂಬಾ ನೊಂದುಕೊಂಡೆ. ಅದಕ್ಕೇ ನಿನಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮತ್ತೆ ಅವರ ವಿಷಯಕ್ಕೆ ಬರುತ್ತೇನೆ. ಮೊದಲ ಆಲ್ಬಮ್ಮಿನ ಹೆಸರಿನಲ್ಲೇ ಅವರು ಹತ್ತು ವರ್ಷ ಬದುಕಬಹುದಿತ್ತು. ಹಾಗೆ ಮಾಡಲಿಲ್ಲ. ಮರುವರ್ಷವೇ ರೆಕಾರ್ಡಿಂಗ್ ನೋಡಿಕೊಳ್ಳುವ ನಿರ್ಮಾಪಕ ಕಾಲಿನ್ ರಿಚರ್ಡ್‌ಸನ್ ಜೊತೆ ಕೂತು ಸೌಂಡ್ ಸರಿ ಮಾಡಿಕೊಂಡರು. ಹಾಡು ಉದ್ದವಾಯಿತು, ನುಡಿಸುವುದು ಬಿಗಿಯಾಯಿತು. ಮೈಕಲ್ ಅಮಾಟ್ ಎರಡನೇ ಗಿಟಾರಿಗೆ ಬಂದ. 1993ರ 'ಹಾರ್ಟ್‌ವರ್ಕ್' ಹೊತ್ತಿಗೆ ಅದರಲ್ಲಿ ರಾಗ ಇತ್ತು, ನಿಜವಾದ ರಾಗ, ಗುನುಗಬಹುದಾದಂಥದ್ದು. ಕವರಿನಲ್ಲಿ ಹೆಣ ಇರಲಿಲ್ಲ, ಸ್ವಿಟ್ಜರ್‌ಲೆಂಡಿನ ಕಲಾವಿದ ಎಚ್. ಆರ್. ಗೀಗರ್ ಮಾಡಿದ ಶಿಲ್ಪ ಇತ್ತು. ಹಳೆಯ ಅಭಿಮಾನಿಗಳು ಬೈದರು. ಇಂದು ಎಷ್ಟೋ ಬ್ಯಾಂಡುಗಳು ಆ ಆಲ್ಬಮ್ ಕೇಳಿಯೇ ಗಿಟಾರ್ ಹಿಡಿದವು.

ಎಲ್ಲವೂ ಚೆನ್ನಾಗಿಯೇ ನಡೆಯಲಿಲ್ಲ. ದೊಡ್ಡ ಕಂಪನಿಯ ಸಹವಾಸ ಮಾಡಿದರು, ಅದು ಕೈಕೊಟ್ಟಿತು. 1996ರಲ್ಲಿ ಐದನೇ ಆಲ್ಬಮ್ ಅಂಗಡಿಗೆ ಬರುವಾಗ ಬ್ಯಾಂಡೇ ಇರಲಿಲ್ಲ. 1999ರಲ್ಲಿ ಕೆನ್ ಓವೆನ್‌ಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ತಿಂಗಳುಗಟ್ಟಲೆ ಪ್ರಜ್ಞೆಯೇ ಇರಲಿಲ್ಲ. ಹರೆಯವೆಲ್ಲ ದೇಹದ ಒಳಗನ್ನೇ ಹಾಡಿದವನಿಗೆ ಹೀಗಾಯಿತಲ್ಲ ಅಂತ ನೆನೆದಾಗ ಈಗಲೂ ಸಂಕಟವಾಗುತ್ತದೆ. ಮೊದಲಿನ ಹಾಗೆ ಡ್ರಮ್ಸ್ ನುಡಿಸಲು ಆಮೇಲೆ ಅವನಿಗೆ ಆಗಲಿಲ್ಲ. 2008ರಲ್ಲಿ ಬ್ಯಾಂಡ್ ಮತ್ತೆ ಸೇರಿದಾಗ ಬೇರೊಬ್ಬ ಡ್ರಮ್ಸಿಗೆ ಕೂತ. ಆದರೆ ಜರ್ಮನಿಯ ವಾಕನ್ ಮೆಟಲ್ ಸಂಗೀತ ಉತ್ಸವದ ವೇದಿಕೆಗೆ ಓವೆನ್‌ನನ್ನು ಕರೆತಂದರು. ಅವನು ಕೂತು ಸ್ವಲ್ಪ ಹೊತ್ತು ನುಡಿಸಿದ. ಅಲ್ಲಿದ್ದ ಜನ ಕೂಗಿದ್ದನ್ನು ಒಮ್ಮೆ ಕೇಳು. ನಾನು ಅದನ್ನು ಕೇಳಿದಾಗಲೆಲ್ಲ ಕಣ್ಣು ಒದ್ದೆಯಾಗುತ್ತದೆ.

ಆಮೇಲೆ 2013ರಲ್ಲಿ, 17 ವರ್ಷದ ನಂತರ, ಹೊಸ ಆಲ್ಬಮ್. 2021ರಲ್ಲಿ ಇನ್ನೊಂದು, 'ಟಾರ್ನ್ ಆರ್ಟರೀಸ್'. ಓವೆನ್ ಹುಡುಗನಾಗಿದ್ದಾಗ ಮಾಡಿದ ಹಳೇ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಒಂದರ ಹೆಸರು ಅದು. ಅದರ ಕವರ್ ಹುಡುಕಿ ನೋಡು. ಬಿಳಿ ತಟ್ಟೆಯ ಮೇಲೆ ಒಂದು ಹೃದಯ, ಪೂರ್ತಿ ತರಕಾರಿಯಿಂದ ಮಾಡಿದ್ದು. 1988ರ ಆ ಫೋಟೋಗಳ ಪಕ್ಕದಲ್ಲಿ ಇದನ್ನಿಟ್ಟು ನೋಡು. ಹೇಳಿದ್ದು ಅದೇ ಮಾತು. ಸರಿಯಾಗಿ ಹೇಳಲು 33 ವರ್ಷ ಕೆಲಸ ಮಾಡಿದ್ದಾರೆ.

ನಿನ್ನ ಕಥೆಯ ಮೂರನೇ ಪುಟದಲ್ಲಿ ಒಂದು ಸಾಲು ಇದೆ. ಅವನು ಕೆಲಸ ಮುಗಿಸಿ ಮನೆಗೆ ಬಂದು ಮಗಳನ್ನು ಎತ್ತಿಕೊಳ್ಳುವ ಮೊದಲು ಮೂರು ಸಲ ಕೈ ತೊಳೆಯುತ್ತಾನೆ. ಅಲ್ಲಿ ನನಗೆ ಮೈ ಜುಂ ಅಂದಿತು. ಅಲ್ಲಿಂದ ಶುರು ಮಾಡಿ ಮತ್ತೆ ಬರಿ. ಬರೆದಾದ ಮೇಲೆ ಕಳಿಸು, ಎಷ್ಟು ತಿಂಗಳಾದರೂ ಪರವಾಗಿಲ್ಲ.

ಪ್ರೀತಿಯಿಂದ,
ನಿನ್ನ ಅಣ್ಣ