ಮಾಯವಾದ ಪರಮಾಣುಗಳ ಬಗ್ಗೆ ವಿಜಿಗೆ

ಚಿ. ವಿಜಿಗೆ ರಾಯಚೂರಿನಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಆಗ ನನಗೆ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಂಟು ತಿಂಗಳು ಲೇಸರ್ ಹೊಂದಿಸಿ, ಪೊಟ್ಯಾಸಿಯಮ್ ಪರಮಾಣುಗಳನ್ನು ತಣ್ಣಗೆ ಮಾಡಿ ಹಿಡಿದಿಟ್ಟೆ. ಕಾಂತಕ್ಷೇತ್ರ ಒಂದು ಮಟ್ಟಕ್ಕೆ ಬಂದ ಕೂಡಲೇ ಅರ್ಧಕ್ಕಿಂತ ಜಾಸ್ತಿ ಪರಮಾಣು ಮಾಯ. ಲ್ಯಾಬಿನ ಸೀನಿಯರ್ ಒಬ್ಬರು ಆ ಪಾಯಿಂಟುಗಳನ್ನು ತೆಗೆದುಬಿಡು, ಗ್ರಾಫ್ ನೀಟಾಗಿ ಬರುತ್ತದೆ ಅಂದರು, ನೀನು ತೆಗೆದೂ ಬಿಟ್ಟೆ. ಹೀಗೇ ಅಲ್ವಾ ಆದದ್ದು?

ಮೊದಲು ಆ ಪಾಯಿಂಟುಗಳನ್ನು ವಾಪಸ್ ಹಾಕು. ಉಳಿದದ್ದನ್ನು ಆಮೇಲೆ ಓದು.

ನೀನು ಕಳಿಸಿದ ಪೇಪರುಗಳನ್ನೆಲ್ಲ ಓದಿದೆ. ರಿಟೈರ್ ಆದ ಮೇಲೆ ಇಷ್ಟು ಖುಷಿಯಿಂದ ಫಿಸಿಕ್ಸ್ ಓದಿದ್ದು ಇದೇ ಮೊದಲು. 1970ರಲ್ಲಿ ಲೆನಿನ್‌ಗ್ರಾಡಿನ ವಿತಾಲಿ ಎಫಿಮೋವ್ ಕಾಗದದ ಮೇಲೆ ಲೆಕ್ಕ ಮಾಡಿ ಹೇಳಿದ ಮಾತು ಎಂಥದ್ದು ನೋಡು. ಎರಡು ಕಣಗಳ ನಡುವೆ ಸೆಳೆತ ಇದೆ, ಆದರೆ ಜೋಡಿಯಾಗಿ ನಿಲ್ಲಲು ಸ್ವಲ್ಪದರಲ್ಲೇ ಸಾಲದು. ಅಲ್ಲಿಗೆ ಅಂಥದ್ದೇ ಮೂರನೆಯದು ಬಂದರೆ ಮೂರೂ ಸೇರಿ ಕಟ್ಟಿಕೊಳ್ಳುತ್ತವೆ. ಒಂದು ಎದ್ದು ಹೋದರೆ ಉಳಿದೆರಡು ತಾವಾಗಿಯೇ ಬೇರೆ ಆಗುತ್ತವೆ.

ಇದು ನಿನಗೆ ಹೊಸದೇನಲ್ಲ. ಸ್ಕೂಲಿಗೆ ಹೋಗುವಾಗ ದಿನಾ ನಿನಗೆ ಜಡೆ ಹಾಕುತ್ತಿದ್ದವಳು ನಾನು. ಮೂರು ಎಳೆ ಇರುವ ತನಕ ಜಡೆ ಗಟ್ಟಿ. ಒಂದು ಎಳೆಯನ್ನು ಮೆಲ್ಲಗೆ ಹಿರಿದುಬಿಟ್ಟರೆ ಉಳಿದೆರಡು ಒಂದಕ್ಕೊಂದು ಸಿಕ್ಕಿಕೊಂಡೇ ಇರುವುದಿಲ್ಲ, ಸುಮ್ನೆ ಪಕ್ಕಪಕ್ಕ ಬಿದ್ದಿರುತ್ತವೆ. ನಿನ್ನೆ ತೀನ್ ಕಂದೀಲ್ ಹತ್ತಿರದ ಅಂಗಡಿಯಿಂದ ಮೂರು ಬಣ್ಣದ ಉಲನ್ ದಾರ ತಂದೆ. ಬಲಗಡೆಯದು ನಡುವಿನದರ ಮೇಲೆ, ಎಡಗಡೆಯದು ನಡುವಿನದರ ಮೇಲೆ, ಹೀಗೆ ಆರು ಸಲ ಹೆಣೆದರೆ ಪ್ರತಿ ದಾರ ಮತ್ತೆ ತನ್ನ ಜಾಗಕ್ಕೇ ಬರುತ್ತದೆ. ಆಗ ಕೆಂಪಿನ ಎರಡು ತುದಿ ಒಂದಕ್ಕೊಂದು, ಹಳದಿಯದು ಹಳದಿಗೆ, ಹಸಿರಿನದು ಹಸಿರಿಗೆ ಗಂಟು ಹಾಕಿದೆ. ಮೂರು ಬಳೆ ಆದವು. ಎಳೆದರೆ ಬರೋದಿಲ್ಲ. ಕೆಂಪನ್ನು ಕತ್ತರಿಸಿದೆ, ಹಳದಿ ಹಸಿರು ತಾವೇ ಕಳಚಿ ಕೈಗೆ ಬಂದವು. ನಿನ್ನ ಪೇಪರುಗಳಲ್ಲಿ ಬೊರೋಮಿಯನ್ ಉಂಗುರ ಅಂತ ಚಿತ್ರ ಹಾಕಿರುತ್ತಾರಲ್ಲ, ಅದು ನಮ್ಮ ಜಡೆಯೇ.

ಎಫಿಮೋವ್ ಇನ್ನೊಂದು ಮಾತು ಹೇಳಿದ್ದರು. ಇಂಥ ಮೂವರ ಕೂಟ ಒಂದೇ ಅಲ್ಲ, ಸಾಲುಸಾಲು ಇವೆ. ಒಂದೇ ಜಾತಿಯ ಪರಮಾಣುಗಳಾದರೆ ಒಂದೊಂದೂ ಹಿಂದಿನದಕ್ಕಿಂತ 22.7 ಪಟ್ಟು ದೊಡ್ಡದು. ಮೊದಲನೆಯದನ್ನು ನಮ್ಮ ಜೋಳದ ರೊಟ್ಟಿ, 30 ಸೆಂಟಿಮೀಟರ್ ಅಂದುಕೊ. ಎರಡನೆಯದು ಸುಮಾರು 7 ಮೀಟರ್, ನಮ್ಮ ಅಂಗಳದಷ್ಟು. ಮೂರನೆಯದು 150 ಮೀಟರ್ ದಾಟುತ್ತದೆ. ನಾಲ್ಕನೆಯದು ಮೂರೂವರೆ ಕಿಲೋಮೀಟರ್, ಇಲ್ಲಿನ ಕೋಟೆ, ಬಜಾರು ಎಲ್ಲ ಒಳಗೆ ಹಿಡಿಸುತ್ತವೆ. ಅಷ್ಟು ದೊಡ್ಡದು, ಅಷ್ಟೇ ನಾಜೂಕಿನದು.

ತುಂಬ ಜನ ನಂಬಲಿಲ್ಲ, ತೋರಿಸುವ ದಾರಿಯೂ ಆಗ ಇರಲಿಲ್ಲ. ಪರಮಾಣುಗಳ ನಡುವಿನ ಸೆಳೆತವನ್ನು ರೇಡಿಯೋದ ಗುಂಡಿ ತಿರುಗಿಸಿದ ಹಾಗೆ ಕಾಂತಕ್ಷೇತ್ರದಿಂದ ಹೆಚ್ಚು ಕಡಿಮೆ ಮಾಡುವುದು, ನೀವು ಫೆಶ್‌ಬಾಕ್ ಅನುರಣನ ಅನ್ನುತ್ತೀರಲ್ಲ, ಅದು ಕೈಗೆ ಬರಬೇಕಿತ್ತು. 36 ವರ್ಷ ಕಳೆದು 2006ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ರುಡಾಲ್ಫ್ ಗ್ರಿಮ್ ಅವರ ತಂಡ ಸೀಸಿಯಮ್ ಅನಿಲವನ್ನು 10 ನ್ಯಾನೋಕೆಲ್ವಿನ್‌ಗೆ ಇಳಿಸಿತು. ಅಂದರೆ ಇನ್ನು ಕೆಳಗೆ ಇಳಿಯಲಾಗದ ಪರಮ ಸೊನ್ನೆಗಿಂತ ಒಂದು ಡಿಗ್ರಿಯ 10 ಕೋಟಿಯಲ್ಲಿ ಒಂದು ಪಾಲಷ್ಟೇ ಮೇಲೆ. (ಇಲ್ಲಿ ಹೊರಗೆ ಬಿಸಿಲು ಕೆಂಡದ ಹಾಗಿದೆ, ಮಾಳಿಗೆ ಮೇಲೆ ಸಂಡಿಗೆ ಒಂದೇ ದಿನಕ್ಕೆ ಒಣಗುತ್ತದೆ.) ಅವರಿಗೆ ಕಂಡದ್ದೇನು ಗೊತ್ತಾ? ಮೂರು ಪರಮಾಣು ಕೈಕೈ ಹಿಡಿದು ನಿಂತ ಫೋಟೋ ಸಿಗಲಿಲ್ಲ. ಕಾಂತಕ್ಷೇತ್ರ ಬದಲಿಸುತ್ತಾ ಹೋದಾಗ ಒಂದು ಮಟ್ಟದಲ್ಲಿ ಪರಮಾಣುಗಳು ಜಾಸ್ತಿ ಮಾಯವಾದವು. ಮೂರು ಹತ್ತಿರ ಬಂದು, ಎರಡು ಬಿಗಿಯಾಗಿ ಕೂಡಿ, ಆಗ ಹೊರಬಿದ್ದ ಶಕ್ತಿಗೆ ಮೂರೂ ಬಲೆಯಿಂದ ಹಾರಿಹೋದವು. ಗ್ರಾಫಿನಲ್ಲಿ ಎದ್ದ ಆ ನಷ್ಟದ ಗುಡ್ಡವೇ ಎಫಿಮೋವ್ ಅವರ ಲೆಕ್ಕಕ್ಕೆ ಸಿಕ್ಕ ಸಾಕ್ಷಿ. ನೀನು ಅಳಿಸಿದ್ದೂ ಅಂಥದ್ದೇ ಒಂದು ಗುಡ್ಡ ಇರಬಹುದು, ವಿಜಿ.

ನಿನ್ನ ಪೊಟ್ಯಾಸಿಯಮ್ 39ರಲ್ಲೇ 2009ರಲ್ಲಿ ಇಟಲಿಯ ಫ್ಲಾರೆನ್ಸ್‌ನವರು ಇಂಥ ಗುರುತು ಕಂಡಿದ್ದಾರೆ. 2014ರಲ್ಲಿ ಇನ್ಸ್‌ಬ್ರುಕ್‌ನವರಿಗೆ ಸೀಸಿಯಮ್‌ನಲ್ಲಿ ಎರಡನೆಯ ಗುಡ್ಡವೂ ಸಿಕ್ಕಿತು, ಪಟ್ಟು 21 ಬಂತು, ಒಂದು ಸ್ವಲ್ಪ ಆಚೀಚೆ. ಅವರು ಅದನ್ನು 22.7 ಮಾಡಿ ಬರೆಯಲಿಲ್ಲ. ಬಂದದ್ದು 21, ತಪ್ಪಿನ ಅಂದಾಜು 1.3 ಅಂತ ಬರೆದರು. ಇದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಯಾಕೆ ಅಂತ ಹೇಳುತ್ತೇನೆ.

ನಾನು ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಲೋಲಕದ ಪ್ರಯೋಗ ಮಾಡಿ ಗುರುತ್ವದ g ಬೆಲೆ 9.2 ಬಂತು ಅಂತ ತೋರಿಸಿದ. ಮೂರು ಸಲ ಮಾಡಿದ್ದ, ಮೂರು ಸಲವೂ ಅಷ್ಟೇ. ಪರೀಕ್ಷೆ ಹತ್ತಿರ ಇತ್ತು. ಪುಸ್ತಕದಲ್ಲಿರುವ ಹಾಗೆ 9.8 ಅಂತ ಬರೆದುಕೊ ಅಂದೆ. ಅವನು ಏನೂ ಮಾತಾಡದೆ ರಬ್ಬರಿನಿಂದ ಅಳಿಸಿದ. ಮುಂದಿನ ವರ್ಷ ಯಾವುದೋ ಕೆಲಸಕ್ಕೆ ಆ ಸ್ಟಾಪ್‌ವಾಚನ್ನು ನನ್ನ ಕೈಗಡಿಯಾರದ ಪಕ್ಕ ಇಟ್ಟು ನೋಡಿದರೆ ಅದು ಮುಂದೆ ಓಡುತ್ತಿತ್ತು. ಅವನು ಸರಿಯಾಗಿಯೇ ಅಳೆದಿದ್ದ. ಅವನನ್ನು ಹುಡುಕಿ ಹೇಳಲು ನನಗೆ ಆಗಲೇ ಇಲ್ಲ.

ಹಾಗಂತ ನಿನ್ನದು ಎಫಿಮೋವ್ ಗುಡ್ಡವೇ ಅಂತ ಕುಣಿಯಲೂ ಬೇಡ. ಕಾಂತಕ್ಷೇತ್ರ ಕೊಡುವ ನಿನ್ನ ಕಾಯಿಲ್ ಬಿಸಿಯಾಗಿ ಕ್ಷೇತ್ರ ಜರುಗಿರಬಹುದು, ಅಲ್ಲೇ ಬೇರೊಂದು ಸಣ್ಣ ಅನುರಣನ ಇರಬಹುದು. ಪರಮಾಣು ಎಷ್ಟು ಉಳಿದವು ಅನ್ನುವುದನ್ನು ಒಂದೇ ಹೊತ್ತಿಗೆ ಅಳೆಯಬೇಡ, ಹೊತ್ತು ಹೋದ ಹಾಗೆ ಅಳೆ. ಪಾತ್ರೆಯಲ್ಲಿ ಉಳಿದ ಗಾಳಿ ಬಡಿದು ಪರಮಾಣು ಹೋಗುವುದಾದರೆ ಲಾಗ್ ಗ್ರಾಫಿನಲ್ಲಿ ನೇರ ಗೆರೆ ಬರುತ್ತದೆ. ಮೂರು ಸೇರಿ ಹೋಗುವುದಾದರೆ ದಟ್ಟವಾಗಿದ್ದಾಗ ಬೇಗ ಬೇಗ ಕರಗಿ, ತೆಳುವಾದ ಮೇಲೆ ನಿಧಾನ ಆಗುತ್ತದೆ, ಗೆರೆ ಬಾಗುತ್ತದೆ. ಸೆಳೆತದ ಉದ್ದ (ಪರಮಾಣುಗಳ ನಡುವಿನ ಸೆಳೆತವನ್ನು ಅಳೆಯಲು ನೀವು ಬಳಸುವ ಅಳತೆ) ಎರಡು ಪಟ್ಟಾದರೆ ನಷ್ಟ ಸುಮಾರು 16 ಪಟ್ಟು ಆಗಬೇಕು. ಗುಡ್ಡ ಇದ್ದರೆ ಆ ಏರಿಕೆಯ ಮೇಲೆ ಎದ್ದು ಕಾಣಬೇಕು. ದಿನಾ ಉಷ್ಣಾಂಶ ಬರೆದಿಡು, ಅನಿಲ ಬೆಚ್ಚಗಾದರೆ ಗುಡ್ಡ ಚಪ್ಪಟೆ ಆಗುತ್ತದೆ.

ಸೀನಿಯರ್ ಜೊತೆ ಜಗಳ ಬೇಡ. ಎಲ್ಲ ಪಾಯಿಂಟ್ ಇರುವ ಗ್ರಾಫನ್ನು ಗೈಡ್ ಮುಂದೆ ಇಡು, ಯಾವುದನ್ನು ಯಾವತ್ತು ತೆಗೆದಿದ್ದೆ ಅಂತಲೂ ಹೇಳಿಬಿಡು. ಬೈದರೆ ಬೈಸಿಕೊ. ಪಿಎಚ್‌ಡಿ ಬಿಟ್ಟು ಬರುತ್ತೇನೆ ಅಂದೆಯಲ್ಲ, ಆ ಗೆರೆ ನೇರವೋ ಬಾಗಿದೆಯೋ ನೋಡುವ ತನಕ ಆ ಮಾತು ಎತ್ತಬೇಡ. ನೋಡಿದ ಮೇಲೂ ಬೇಡ ಅನಿಸಿದರೆ ನಿನ್ನ ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ಶನಿವಾರ ಬಸ್ಸಿಗೆ ಪಾರ್ಸಲ್ ಹಾಕಿಸುತ್ತೇನೆ. ಒಣ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದು ಸಣ್ಣ ಡಬ್ಬಿ ಇರುತ್ತದೆ. ಅದರಲ್ಲಿ ಮೂರು ಬಣ್ಣದ ದಾರದ ಬಳೆ ಇವೆ, ಈ ಸಲ ಯಾವುದನ್ನೂ ಕತ್ತರಿಸಿಲ್ಲ. ಸಿಕ್ಕ ಕೂಡಲೇ ಫೋನ್ ಮಾಡು.

ನಿನ್ನ ಅತ್ತೆ