ಜೆಲ್ ಉಗುರು: ಲ್ಯಾಟೆಕ್ಸ್ ಕೈಗವಸು ಸಾಲದು

ಮಾನ್ಯ ಸಂಪಾದಕರೆ,

ಜಯನಗರ, ಮಲ್ಲೇಶ್ವರದ ಪಾರ್ಲರ್‌ಗಳಲ್ಲಿ ದಿನವಿಡೀ ಜೆಲ್ ಉಗುರು (ದೀಪದ ಬೆಳಕಿನಲ್ಲಿ ಗಟ್ಟಿಯಾಗುವ ಜೆಲ್‌ನ ಅಲಂಕಾರಿಕ ಉಗುರು) ಕೂರಿಸುವ ಹೆಣ್ಣುಮಕ್ಕಳ ಕೈಗಳತ್ತ ಯಾರ ಗಮನವೂ ಇಲ್ಲ. ಗಟ್ಟಿಯಾಗದ ಜೆಲ್‌ನಲ್ಲಿರುವ ‘ಹೆಮಾ’ (HEMA)ದಂಥ ಮೆಥಾಕ್ರಿಲೇಟ್ ಎಂಬ ರಾಸಾಯನಿಕಗಳು ಚರ್ಮಕ್ಕೆ ಪದೇ ಪದೇ ತಗುಲಿದರೆ ಅಲರ್ಜಿ ಹುಟ್ಟಬಹುದು. ಬೆರಳ ತುದಿ ಒಡೆಯುತ್ತದೆ, ಉಗುರು ಬುಡ ಬಿಡುತ್ತದೆ, ಕಣ್ಣರೆಪ್ಪೆಯೂ ತುರಿಸಬಹುದು. ಈ ಅಲರ್ಜಿ ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಜೀವನಪರ್ಯಂತ. ಮುಂದೆ ಇದೇ ಬಗೆಯ ರಾಸಾಯನಿಕಗಳಿರುವ ಹಲ್ಲಿನ ಫಿಲ್ಲಿಂಗ್ ಕೂಡ ತೊಂದರೆ ಕೊಡಬಹುದು.

ಲ್ಯಾಟೆಕ್ಸ್, ವಿನೈಲ್ ಕೈಗವಸುಗಳನ್ನು ಈ ರಾಸಾಯನಿಕಗಳು ನಿಮಿಷಗಳಲ್ಲೇ ದಾಟುತ್ತವೆ. ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸು ಮೇಲು, ಆದರೆ ತೆಳುವಾದದ್ದು ಹೆಚ್ಚು ಹೊತ್ತು ತಡೆಯದು. 15–20 ನಿಮಿಷಕ್ಕೊಮ್ಮೆ, ಜೆಲ್ ಮೆತ್ತಿದರೆ ಕೂಡಲೇ ಬದಲಿಸಬೇಕು. ಜೆಲ್ ತೆಗೆಯಲು ಬಳಸುವ ಅಸಿಟೋನ್ ನೈಟ್ರೈಲನ್ನೂ ಬೇಗ ಭೇದಿಸುತ್ತದೆ. ತೊಳೆದು ಮತ್ತೆ ತೊಡುವುದಂತೂ ಕೂಡದು.

ಜೆಲ್ ಹಚ್ಚುವಾಗ ಚರ್ಮದಿಂದ ಸುಮಾರು 1 ಮಿ.ಮೀ. ಅಂತರವಿರಲಿ. ತಯಾರಕರು ಸೂಚಿಸಿದ ದೀಪವನ್ನೇ ಬಳಸಿ. ಬೇರೆ ದೀಪದಲ್ಲಿ ಮೇಲ್ಪದರ ಗಟ್ಟಿಯಾದರೂ ಒಳಗೆ ಹಸಿಯಾಗಿಯೇ ಉಳಿಯಬಹುದು, ಉಜ್ಜಿದಾಗ ಆ ಪುಡಿಯೇ ಕೈಗೆ, ಮುಖಕ್ಕೆ ಹಾರುತ್ತದೆ.

ಐರೋಪ್ಯ ಒಕ್ಕೂಟವು 2020ರಲ್ಲೇ ಉಗುರಿನ ಉತ್ಪನ್ನಗಳಲ್ಲಿ ಹೆಮಾ ಬಳಕೆಯನ್ನು ವೃತ್ತಿಪರರಿಗೆ ಸೀಮಿತಗೊಳಿಸಿತು. ನಮ್ಮಲ್ಲಿ ಮಾರುವ ಬಾಟಲಿಗಳ ಮೇಲೆ ಕನಿಷ್ಠ ಕನ್ನಡದಲ್ಲಿ ಎಚ್ಚರಿಕೆ ಮುದ್ರಿಸಬೇಕು; ಕೈಗವಸಿನ ಖರ್ಚನ್ನು ಪಾರ್ಲರ್ ಮಾಲೀಕರೇ ಭರಿಸಬೇಕು.

– ಉಗುರು ವಿನ್ಯಾಸ ತರಬೇತುದಾರರು, ಬೆಂಗಳೂರು