ಹಳೆ ಸಿಡಿ ಎಸೆಯಬೇಡಿ, ಡ್ರೈವ್ ಕೂಡ

ಮಾನ್ಯ ಸಂಪಾದಕರೇ,

ಹಳೆ ಸಿಡಿಗಳನ್ನೆಲ್ಲ, ಡಿಸ್ಕಿನ ಪೂರ್ತಿ ನಕಲನ್ನು ಒಂದೇ ಫೈಲ್‌ನಲ್ಲಿಡುವ ಐಎಸ್‌ಒ ಫೈಲ್ ಮಾಡಿಟ್ಟುಕೊಂಡು, ಡಿಸ್ಕು, ಡ್ರೈವು ಎರಡನ್ನೂ ಗುಜರಿಗೆ ಹಾಕಬಹುದು ಎಂಬ ಸಲಹೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದಿತ್ತು. ದಯವಿಟ್ಟು ಇದಕ್ಕೊಂದು ತಿದ್ದುಪಡಿ ಹಾಕಿ. ಡೇಟಾ ಸಿಡಿಗೆ ಆ ಮಾತು ಸರಿ. ಹಾಡಿನ ಸಿಡಿಗೆ ಅಲ್ಲ.

ಕೊಡಗಿನ ಗೋಣಿಕೊಪ್ಪಲಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ, ಮದುವೆಮನೆಗಳಲ್ಲಿ ಹಾಡಿದ ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತ ಹಾಡುವ ಕೊಡವ ಹಾಡು) ರೆಕಾರ್ಡಿಂಗ್‌ಗಳನ್ನು ಜನ ಸಿಡಿಯಲ್ಲಿ ತಂದು ಕೊಡ್ತಾರೆ. ಹಾಡಿದವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಆ ಒಕ್ಕದವರಿಗೆ (ಮನೆತನದವರಿಗೆ) ಉಳಿದಿರುವ ದನಿ ಅದೊಂದೇ. ನಮ್ಮ ಮಳೆಗಾಲದ ತೇವಕ್ಕೆ ಡಿಸ್ಕ್ ಮೇಲೆ ಬೂಸ್ಟು ಬೇರೆ ಹಿಡಿಯುತ್ತದೆ.

ಹಾಡಿನ ಸಿಡಿಯಲ್ಲಿ ಫೈಲ್‌ಗಳೇ ಇರುವುದಿಲ್ಲ. ಸೆಕೆಂಡಿಗೆ 44,100 ಮಾದರಿಗಳಂತೆ ದನಿ ನೇರವಾಗಿ ಟ್ರ್ಯಾಕ್‌ನಲ್ಲಿ ಕೂತಿರುತ್ತದೆ. ಅದರ ಒಂದೊಂದು ತುಣುಕಿನಲ್ಲಿ, ಅಂದರೆ ಸೆಕ್ಟರ್‌ನಲ್ಲಿ 2,352 ಬೈಟ್ ದನಿ. ಐಎಸ್‌ಒ ಲೆಕ್ಕ ನಡೆಯುವುದು 2,048 ಬೈಟ್‌ನ ಡೇಟಾ ಸೆಕ್ಟರ್ ಮೇಲೆ. ಹಾಗಾಗಿ ಹಾಡಿನ ಸಿಡಿಯನ್ನು ಐಎಸ್‌ಒ ಮಾಡಲು ಆಗುವುದೇ ಇಲ್ಲ.

ದನಿಯ ಗರಗರ ತೆಗೆಯುವ ನನ್ನ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿತು. ಅದಕ್ಕೇ ಲಿನಕ್ಸ್ (ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಇರುವ ಕಂಪ್ಯೂಟರ್‌ನಲ್ಲಿ ವರ್ಚುವಲ್‌ಬಾಕ್ಸ್ ಎಂಬ, ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮೆಷಿನ್) ಮಾಡುವ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಎಕ್ಸ್‌ಪಿ ಓಡಿಸ್ತೇನೆ, ಇಂಟರ್ನೆಟ್ ಕೊಡದೆ. ಮೊದಮೊದಲು ಒಳಗಿನ ಎಕ್ಸ್‌ಪಿಗೆ ಸಿಡಿ ಕಾಣಿಸುತ್ತಲೇ ಇರಲಿಲ್ಲ. ರಿಪೇರಿ ಅಂಗಡಿಯಲ್ಲಿ ಡ್ರೈವ್ ಹೋಗಿದೆ ಎಂದರು. ಡ್ರೈವ್ ಚೆನ್ನಾಗಿಯೇ ಇತ್ತು. ಲಿನಕ್ಸ್‌ನಲ್ಲಿ ಹಾಡುತ್ತಿತ್ತು.

ತೊಂದರೆ ಇದ್ದದ್ದು ಅನುಮತಿಯಲ್ಲಿ. ನನ್ನ ಲಿನಕ್ಸ್‌ನಲ್ಲಿ ಡ್ರೈವನ್ನು ನೇರವಾಗಿ ಮುಟ್ಟಬೇಕಾದರೆ ನಮ್ಮ ಯೂಸರ್ ಹೆಸರು ‘ಸಿಡಿರಾಮ್’ (cdrom) ಎಂಬ ಗ್ರೂಪ್‌ನಲ್ಲಿ ಇರಬೇಕು. ಸೇರಿಸಿದ ಮೇಲೆ ಲಾಗ್ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು, ಇಲ್ಲದಿದ್ದರೆ ಜಾರಿಗೆ ಬರುವುದಿಲ್ಲ. ಆಮೇಲೆ ವರ್ಚುವಲ್ ಮೆಷಿನ್ ಪೂರ್ತಿ ಆಫ್ ಮಾಡಿ, ಸ್ಟೋರೇಜ್ ಸೆಟ್ಟಿಂಗ್‌ಗೆ ಹೋಗಿ, ಐಎಸ್‌ಒ ಬದಲು ಕಂಪ್ಯೂಟರ್‌ನ ನಿಜವಾದ ಡ್ರೈವನ್ನೇ ಆರಿಸಬೇಕು. ಪಕ್ಕದಲ್ಲಿ ‘ಪಾಸ್‌ಥ್ರೂ’ ಅಂತ ಒಂದು ಚೌಕ ಇರುತ್ತದೆ. ಹಾಡಿನ ಸಿಡಿಗೆ ಅದೇ ಮುಖ್ಯ. ಟಿಕ್ ಹಾಕದಿದ್ದರೆ ಎಕ್ಸ್‌ಪಿಗೆ ಡೇಟಾ ಸಿಡಿ ಮಾತ್ರ ಓದಲು ಬರುತ್ತದೆ, ಬರೆಯಲೂ ಆಗುವುದಿಲ್ಲ. ಟಿಕ್ ಹಾಕಿದರೆ ಎಕ್ಸ್‌ಪಿಯ ಆದೇಶ ನೇರ ಡ್ರೈವ್‌ಗೆ ಹೋಗುತ್ತದೆ. ಡಿಸ್ಕನ್ನು ಲಿನಕ್ಸ್ ಆಗಲೇ ತೆರೆದುಕೊಂಡು ಕೂತಿದ್ದರೆ ಮೊದಲು ಅಲ್ಲಿಂದ ಬಿಡಿಸಿ. ಒಳಗೆ ಡ್ರೈವ್ ಇಲ್ಲದ ಲ್ಯಾಪ್‌ಟಾಪ್‌ನವರು ಯುಎಸ್‌ಬಿ ಡ್ರೈವ್‌ನಲ್ಲೂ ಹೀಗೇ ಮಾಡಬಹುದು.

ಬರೀ ಹಾಡು ತೆಗೆದಿಡಲು ಇಷ್ಟೆಲ್ಲ ಬೇಕಿಲ್ಲ ಎನ್ನಬಹುದು. ನಿಜ, ಲಿನಕ್ಸ್‌ನಲ್ಲೇ ವೇವ್ ಫೈಲ್ ಮಾಡಿಕೊಳ್ಳಬಹುದು. ಆದರೆ ಅದಕ್ಕೂ ಡ್ರೈವ್ ಬೇಕಲ್ವಾ? ಶುಚಿ ಮಾಡಿದ ಹಾಡನ್ನು ಅಜ್ಜ ಅಜ್ಜಿಯರು ಸಿಡಿಯಲ್ಲೇ ಕೇಳ್ತಾರೆ. ಅವರ ಪ್ಲೇಯರ್‌ಗೆ ಹೊಂದುವ ಸಿಡಿಯನ್ನು ಅದೇ ಹಳೆ ಸಾಫ್ಟ್‌ವೇರ್‌ನಿಂದ ಬರೆದು ಕೊಡ್ತೇನೆ.

ನಿಮ್ಮ ಸಲಹೆ ನಂಬಿ ಯಾರಾದರೂ ಐನ್‌ಮನೆಯ (ಒಕ್ಕದ ಮೂಲ ಮನೆಯ) ಪೆಟ್ಟಿಗೆಯಲ್ಲಿರುವ ಡಿಸ್ಕ್‌ಗಳನ್ನು ಎಸೆದರೆ ಆ ಹಾಡು ಮತ್ತೆ ಸಿಗುವುದಿಲ್ಲ. ಈ ವಾರದ ಪುಟದಲ್ಲೇ ತಿದ್ದುಪಡಿ ಹಾಕಿ. ಶಾಲೆ, ಕಚೇರಿಗಳ ಹಳೆ ಕಂಪ್ಯೂಟರ್ ಗುಜರಿಗೆ ಕೊಡುವವರು ಅದರ ಸಿಡಿ ಡ್ರೈವನ್ನಾದರೂ ಬಿಚ್ಚಿಟ್ಟುಕೊಳ್ಳಲಿ ಎಂದೂ ಅದರಲ್ಲಿ ಸೇರಿಸಿ.

ಇಂತಿ,
ಸ್ಟುಡಿಯೊ ನಡೆಸುವ ಓದುಗ, ಗೋಣಿಕೊಪ್ಪಲು